ಎರೆಮಣ್ಣಿನ ಮೇಲೆ ನನ್ನ ಸಹಿ

ಕಳೆದ ತಿಂಗಳು ಒಂದು ಮಧ್ಯಾಹ್ನ, ರಸ್ತೆಯ ಅಂಚಿನಲ್ಲಿ ಕುಕ್ಕರುಗಾಲಲ್ಲಿ ಕುಳಿತು ಡಾಂಬರಿನ ಬಿರುಕೊಂದರೊಳಗೆ ಕೈ ಇಳಿಸಿದೆ. ಬೆರಳುಗಳು ಪೂರ್ತಿ ಮುಳುಗಿದವು. ಅಂಗೈಯೂ ಹೋಯಿತು. ಮಣಿಕಟ್ಟಿನವರೆಗೆ ಇಳಿದ ಮೇಲೂ ತಳ ಸಿಗಲಿಲ್ಲ.

ಹಿಂದಿನಿಂದ ಬಂದ ಟ್ರ್ಯಾಕ್ಟರಿನವನು ನಿಲ್ಲಿಸಿ ಕೇಳಿದ: ‘ಏನ್ ಬಿತ್ತ್ರೀ ಸರ? ಗಾಡಿ ಕೀಲಿ ಏನು?’

‘ಏನೂ ಬಿದ್ದಿಲ್ಲಪ್ಪ. ಹಂಗ ನೋಡಾಕತ್ತಿದ್ದೆ.’

‘ಹುಷಾರ್ರಿ. ಮೊನ್ನೆ ಆ ನರ್ಸ್ ಹುಡುಗಿ ಬಿದ್ದಿದ್ದು ಇಲ್ಲೇ.’

ಗೊತ್ತಿತ್ತು. ಅದಕ್ಕೇ ಬಂದಿದ್ದೆ.

ಪೇಪರಿನ ಒಳಪುಟದಲ್ಲಿ ನಾಲ್ಕು ಸಾಲಿನ ಸುದ್ದಿ ಬಂದಿತ್ತು. ಕಮಲಾಪುರದ ಸಮೀಪ ಕಾಲುವೆ ಪಕ್ಕದ ರಸ್ತೆಯಲ್ಲಿ ಸ್ಕೂಟಿ ಉರುಳಿ ಇಪ್ಪತ್ನಾಲ್ಕು ವರ್ಷದ ಯುವತಿ ಸಾವು. ಹೊಸಪೇಟೆಯ ಖಾಸಗಿ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದಳು. ಬೆಳಗಿನ ಡ್ಯೂಟಿಗೆ ಹೊರಟಿದ್ದಳು. ರಸ್ತೆಯಲ್ಲಿ ಉದ್ದಕ್ಕೆ ಬಾಯಿಬಿಟ್ಟಿದ್ದ ಬಿರುಕಿಗೆ ಮುಂದಿನ ಚಕ್ರ ಸಿಕ್ಕಿಕೊಂಡಿತ್ತು. ಕೊನೆಯ ಸಾಲು: ‘ಅತಿವೇಗವೇ ಅಪಘಾತಕ್ಕೆ ಕಾರಣ ಎನ್ನಲಾಗಿದೆ.’

ಓದಿದಾಗ ನನಗೆ ಮೊದಲು ಏನನ್ನಿಸಿತು, ಹೇಳಲೇ? ಈ ವಾರದ ಅಂಕಣಕ್ಕೆ ವಿಷಯ ಸಿಕ್ಕಿತು ಅನ್ನಿಸಿತು. (ಬೈಯಬೇಕೆನ್ನಿಸಿದರೆ ಬೈದುಬಿಡಿ. ಬೈಗುಳಕ್ಕೆ ಇನ್ನೂ ದೊಡ್ಡ ಕಾರಣ ಮುಂದಿದೆ.) ಇಲಾಖೆಯನ್ನು, ಕಂಟ್ರಾಕ್ಟರನ್ನು, ರಾಜಕಾರಣಿಯನ್ನು ಸಾಲಾಗಿ ನಿಲ್ಲಿಸಿ ನಾಲ್ಕು ಏಟು ಕೊಡುವುದು ನನಗೆ ಕಷ್ಟದ ಕೆಲಸವಲ್ಲ. ನೀವೂ ಓದಿ, ‘ಚೆನ್ನಾಗಿ ಝಾಡಿಸಿದ್ದೀರಿ’ ಎಂದು ಮೆಸೇಜ್ ಕಳಿಸುತ್ತೀರಿ. ಸ್ಥಳ ನೋಡಿಕೊಂಡು ಬಂದರೆ ಬರಹಕ್ಕೆ ತೂಕ ಬರುತ್ತದೆ ಎಂದು ಸ್ಕೂಟರ್ ಹತ್ತಿ ಹೊರಟಿದ್ದೆ.

ಕಮಲಾಪುರ ದಾಟಿ, ಕಂಪ್ಲಿ ರಸ್ತೆ ಬಿಟ್ಟು ಒಳಗೆ ಹೊರಳಿ, ಬಾಳೆತೋಟ ಮುಗಿದು ಭತ್ತದ ಗದ್ದೆ ಶುರುವಾಗುವಲ್ಲಿ ಬಿರುಕು ಕಾಣಿಸಿತು. ಕೈ ಇಳಿಸಿ ನೋಡಿದೆ. ಎದ್ದು ನಿಂತು ಪ್ಯಾಂಟು ಕೊಡವಿಕೊಳ್ಳುವಾಗ ಪಕ್ಕದಲ್ಲಿದ್ದ ಕಾಲುವೆಯ ತೂಬು ಕಣ್ಣಿಗೆ ಬಿತ್ತು. ತೂಬಿಗೊಂದು ಮೋಟು ಕಲ್ಲಿನ ಕಟ್ಟೆ. ಆ ಕಟ್ಟೆಯ ಮೇಲೆ ಕೂತು ನಾನು ನೂರು ಸಲ ಊಟ ಮಾಡಿದ್ದೇನೆ.

ಕೈಯಲ್ಲಿ ಅಂಟಿದ್ದ ಮಣ್ಣು ನೋಡಿದೆ. ಕಪ್ಪು.

ಈ ರಸ್ತೆ ನನ್ನದು.

ಟ್ರ್ಯಾಕ್ಟರಿನವನು ಇನ್ನೂ ಅಲ್ಲೇ ಇದ್ದ. ‘ಯಾರ ಮನಿ ಹುಡುಗಿ?’ ಅಂದೆ.

‘ನಮ್ಮೂರಾಕಿನs ರೀ, ಸುಜಾತ. ಅವರವ್ವ ದುರ್ಗಮ್ಮ ಅಂತ. ಈ ರೋಡ್ ಮಾಡೂವಾಗ ಆಕೀನೂ ಕೆಲಸಕ್ಕ ಬರ್ತಿದ್ಲು.’

ಅಲ್ಲಿಂದ ಮನೆಗೆ ಹೇಗೆ ಬಂದೆ ಎನ್ನುವುದು ನನಗೆ ಸರಿಯಾಗಿ ನೆನಪಿಲ್ಲ.

ನಿಮಗೆ ನಾನು ಮನೆಗಳ ನಕ್ಷೆ ಬರೆಯುವ, ವಾರಕ್ಕೊಮ್ಮೆ ಹೆಂಡತಿ, ಬಸ್ಸು, ಮಂಡಕ್ಕಿ-ಮಿರ್ಚಿ ಎಂದು ಹರಟುವ ಮನುಷ್ಯನಾಗಿ ಗೊತ್ತು. ಒಂಬತ್ತು ವರ್ಷದ ಹಿಂದೆ ನಾನು ರಸ್ತೆ ಕಟ್ಟುವ ಕಂಪನಿಯೊಂದರಲ್ಲಿ ಮಣ್ಣು ಪರೀಕ್ಷೆ ಮಾಡುವ ಇಂಜಿನಿಯರ್ ಆಗಿದ್ದೆ. ಸೈಟಿನಲ್ಲಿ ಒಂದು ತಗಡಿನ ಶೆಡ್ಡು, ಒಳಗೆ ತಕ್ಕಡಿ, ಜರಡಿ, ಕಬ್ಬಿಣದ ಅಚ್ಚುಗಳು. ಕೂಲಿಯವರೆಲ್ಲ ನನ್ನನ್ನು ‘ಟೆಸ್ಟಿಂಗ್ ಸಾಹೇಬ್ರು’ ಎನ್ನುತ್ತಿದ್ದರು.

ಸ್ವಲ್ಪ ಪಾಠ ಹೇಳಬೇಕಾಗಿದೆ. ಸಹಿಸಿಕೊಳ್ಳಿ, ಇದು ಗೊತ್ತಾಗದಿದ್ದರೆ ನಾನು ಮಾಡಿದ್ದೇನು ಎನ್ನುವುದು ನಿಮಗೆ ಗೊತ್ತಾಗುವುದಿಲ್ಲ.

ರಸ್ತೆ ಎಂದರೆ ನಾವು ಡಾಂಬರು ನೋಡುತ್ತೇವೆ. ಡಾಂಬರು ಬರೀ ಮೇಲಿನ ಚರ್ಮ. ಅದರ ಕೆಳಗೆ ಜಲ್ಲಿಯ ಪದರಗಳು. ಅವುಗಳ ಕೆಳಗೆ ಮಣ್ಣು. ಬಸ್ಸಿನ ಭಾರ, ಕಬ್ಬು ತುಂಬಿದ ಟ್ರ್ಯಾಲಿಯ ಭಾರ, ಸ್ಕೂಟಿಯ ಭಾರ, ಎಲ್ಲವೂ ಕಡೆಗೆ ಇಳಿಯುವುದು ಆ ಮಣ್ಣಿನ ಮೇಲೆ. ಮಣ್ಣು ಗಟ್ಟಿಯಿದ್ದರೆ ಮೇಲಿನ ಪದರಗಳು ತೆಳುವಾಗಿದ್ದರೂ ನಡೆಯುತ್ತದೆ. ಮೆತ್ತಗಿದ್ದರೆ ದಪ್ಪ ಬೇಕು. ಎಷ್ಟು ದಪ್ಪ ಎನ್ನುವುದನ್ನು ಲೆಕ್ಕ ಹಾಕಿ ಹೇಳುವುದಕ್ಕೇ ಮಣ್ಣು ಪರೀಕ್ಷೆ.

ಸಂಡೂರು ಕಡೆಯ ಕೆಂಪು ಗರಸು ಮಣ್ಣು ಒಳ್ಳೆಯ ಮನುಷ್ಯರಂತೆ. ನೀರು ಹೊಡೆದು ರೋಲರ್ ಹಾಯಿಸಿದರೆ ಹೇಳಿದಲ್ಲಿ ಕೂತುಬಿಡುತ್ತದೆ. ಕಪ್ಪು ಎರೆಮಣ್ಣು ಹಾಗಲ್ಲ. ಮಳೆಗಾಲದಲ್ಲಿ, ಕಾಲುವೆಗೆ ನೀರು ಬಿಟ್ಟಾಗ, ನೀರು ಕುಡಿದು ಉಬ್ಬುತ್ತದೆ. ಬೇಸಿಗೆಯಲ್ಲಿ ಒಣಗಿ ಕುಗ್ಗಿ ಬಾಯಿ ಬಿಡುತ್ತದೆ. ಅದರ ಮೇಲೆ ರಸ್ತೆ ಮಾಡಬೇಕಾದರೆ ಒಂದೋ ಅದನ್ನು ಆಳಕ್ಕೆ ಅಗೆದು ತೆಗೆದು, ಬೇರೆ ಮಣ್ಣು ಪದರ ಪದರವಾಗಿ ತುಂಬಿ ಬಡಿಯಬೇಕು. ಇಲ್ಲವೇ ಸುಣ್ಣ ಕಲೆಸಿ ಹದಕ್ಕೆ ತರಬೇಕು. ಮೂರನೆಯ ದಾರಿ ಇಲ್ಲ.

ಆ ಇಡೀ ರಸ್ತೆಯಲ್ಲಿ ಎರೆಮಣ್ಣು ಇದ್ದದ್ದು ತೂಬಿನ ಹತ್ತಿರ, ಹೆಚ್ಚೆಂದರೆ ಇನ್ನೂರು ಹೆಜ್ಜೆ. ಉಳಿದದ್ದೆಲ್ಲ ಕೆಂಪು.

ಮೇ ತಿಂಗಳ ಕೊನೆ. ಕಾಲುವೆಗೆ ನೀರು ಬಿಡುವುದರೊಳಗೆ ಕೆಲಸ ಮುಗಿಯಬೇಕು ಎಂದು ಮ್ಯಾನೇಜರ್ ದಿನಾ ಫೋನ್ ಮಾಡುತ್ತಿದ್ದರು. ‘ಜಲ್ದಿ ಮುಗಿಸ್ರಿ, ಜಲ್ದಿ.’ ನನಗೂ ಅವಸರವಿತ್ತು. ಹೊಸಪೇಟೆಯ ಚಿತ್ತವಾಡ್ಗಿಯಲ್ಲಿ ನಾನು ಕಟ್ಟಿಸಿದ ಮನೆಯ ಗೃಹಪ್ರವೇಶಕ್ಕೆ ಕಾರ್ಡು ಹಂಚಿಯಾಗಿತ್ತು. ರಜೆ ಬೇಕಿತ್ತು.

ದುರ್ಗಮ್ಮನ ಕೆಲಸ ಅಗೆದ ನೆಲದಿಂದ ಬೇರು, ಹುಲ್ಲು ಆರಿಸಿ ತೆಗೆಯುವುದು, ರೋಲರ್ ಬರುವ ಮುಂಚೆ ನೀರು ಚಿಮುಕಿಸುವುದು. ನಲವತ್ತರ ಆಸುಪಾಸಿನ ಹೆಂಗಸು. ಸುಗ್ಗಿಯಲ್ಲಿ ಗದ್ದೆ ಕೆಲಸ, ಉಳಿದ ದಿನ ರಸ್ತೆ ಕೆಲಸ. ಮಗಳನ್ನು ನರ್ಸಿಂಗ್ ಓದಿಸಬೇಕೆಂದು ಯಾರು ಕೇಳಲಿ ಬಿಡಲಿ ಹೇಳುತ್ತಿದ್ದರು. ತೂಬಿನ ಹತ್ತಿರ ಕೆಲಸ ಶುರುವಾದ ದಿನ ಕೊಡ ಕೆಳಗಿಟ್ಟು ನನ್ನ ಹತ್ತಿರ ಬಂದರು.

‘ಸಾಹೇಬ್ರ, ಇದು ಎರಿ ಮಣ್ಣು ಐತ್ರಿ. ಈಗ ಕಲ್ಲಿನಂಗ ಕಾಣ್ತೈತಿ. ನೀರು ಬಂತಂದ್ರ ಇದರ ಗುಣಾನs ಬ್ಯಾರೆ. ನಮ್ಮ ಮನಿ ಗ್ವಾಡಿ ಎರಡು ಸಲ ಸೀಳೈತ್ರಿ ಇದರ ಸಲುವಾಗಿ. ಇದನ್ನ ತೆಗಿಸಿಬಿಡ್ರಿ.’

ನಾನೇನು ಹೇಳಿದೆ? ತಮಾಷೆ ಮಾಡಿದೆ. ಆಗಲೂ ನಾಲಗೆ ಹೀಗೇ ಇತ್ತು.

‘ಹಂಗಾದ್ರ ಒಂದು ಕೆಲಸ ಮಾಡು ದುರ್ಗಮ್ಮ. ನೀನು ಇಂಜಿನಿಯರ್ ಆಗು, ನಾನು ಕೊಡ ಹೊತ್ಕೊಂಡು ನೀರು ಹೊಡೀತೀನಿ.’

ಸುತ್ತ ಇದ್ದವರೆಲ್ಲ ನಕ್ಕರು. ರೋಲರಿನವನು ಸೀಟಿನ ಮೇಲಿಂದ ನಕ್ಕ. ದುರ್ಗಮ್ಮನೂ ಸೆರಗು ಬಾಯಿಗೆ ಇಟ್ಟುಕೊಂಡು ನಕ್ಕರು. ಕೊಡ ಎತ್ತಿಕೊಂಡು ಹೋದರು.

ಆ ಮಣ್ಣಿನ ಪರೀಕ್ಷೆಗೆ ಒಂದು ಕ್ರಮವಿದೆ. ಅಚ್ಚಿನಲ್ಲಿ ಬಡಿದು ತುಂಬಿದ ಮಣ್ಣನ್ನು ಕೆಲವು ದಿನ ನೀರಿನಲ್ಲಿ ಮುಳುಗಿಸಿಡಬೇಕು. ನೆನೆದ ಮೇಲೆ ಕಬ್ಬಿಣದ ದಂಡ ಒತ್ತಿ ಎಷ್ಟು ತಡೆದುಕೊಳ್ಳುತ್ತದೆ ನೋಡಬೇಕು. ರಸ್ತೆ ಅತಿ ಕೆಟ್ಟ ದಿನದಲ್ಲಿ ಹೇಗೆ ವರ್ತಿಸುತ್ತದೆ ಎಂದು ತಿಳಿಯಲು ಆ ನೀರು. ನಾನು ಮುಳುಗಿಸಲಿಲ್ಲ. ಒಣ ಎರೆಮಣ್ಣನ್ನು ಹಾಗೇ ಒತ್ತಿದೆ. ಮೇ ತಿಂಗಳ ಎರೆಮಣ್ಣು! ಕಲ್ಲಿನಂತೆ ನಿಂತಿತು. ಕೆಂಪುಮಣ್ಣಿಗಿಂತ ಚೆನ್ನಾದ ಅಂಕಿ ಬಂತು. ‘ನೀರಿನಲ್ಲಿ ನೆನೆಸಲಾಗಿದೆಯೇ?’ ಎಂಬ ಕಾಲಂನಲ್ಲಿ ‘ಹೌದು’ ಎಂದು ಬರೆದು ಸಹಿ ಹಾಕಿದೆ. ಆ ಇನ್ನೂರು ಹೆಜ್ಜೆಯ ಮೇಲೂ ಉಳಿದ ಕಡೆಯಷ್ಟೇ ದಪ್ಪದ ಪದರ ಬಿತ್ತು. ಮಣ್ಣು ಇದ್ದಲ್ಲೇ ಉಳಿಯಿತು.

ಅದಕ್ಕಾಗಿ ಯಾರಿಂದಲೂ ಒಂದು ಕಪ್ ಚಹಾ ಕೂಡ ಕುಡಿದಿಲ್ಲ. ಕುಡಿದಿದ್ದರೆ ತಪ್ಪು ಮಾಡಿದೆ ಎಂಬ ನೆನಪಾದರೂ ಇರುತ್ತಿತ್ತೇನೋ. ಒಂಬತ್ತು ವರ್ಷ ಅದೂ ಇರಲಿಲ್ಲ.

ಇನ್ನೊಂದನ್ನೂ ಹೇಳಿಬಿಡುತ್ತೇನೆ. ನನ್ನ ಚಿತ್ತವಾಡ್ಗಿಯ ಸೈಟಿನಲ್ಲೂ ಎರೆಮಣ್ಣೇ ಇತ್ತು. ಪಾಯ ತೋಡುವಾಗ ಅಷ್ಟನ್ನೂ ತೆಗೆಸಿ, ಗಟ್ಟಿನೆಲ ಸಿಗುವ ತನಕ ಇಳಿಸಿ, ಲಾರಿಗಟ್ಟಲೆ ಗರಸು ತುಂಬಿಸಿ, ನೀರು ಬಿಟ್ಟು ಒಂದು ತಿಂಗಳು ಕಾದಿದ್ದೆ. ಮೇಸ್ತ್ರಿ, ‘ಇಷ್ಟ್ಯಾಕ್ರಿ ಸರ?’ ಅಂದದ್ದಕ್ಕೆ, ‘ನಾವು ಇರೋ ಮನಿ ಅಲ್ಲೇನಪ್ಪ?’ ಅಂದಿದ್ದೆ. ಇವತ್ತಿಗೂ ಗೋಡೆಯಲ್ಲಿ ಕೂದಲೆಳೆಯಷ್ಟು ಬಿರುಕಿಲ್ಲ.

ಸಂಡೂರು ಕಡೆ ಅದಿರು ಲಾರಿ ಓಡಾಡಿ ರಸ್ತೆ ಹಾಳಾದರೆ ಲಾರಿಯನ್ನಾದರೂ ಬೈಯಬಹುದು. ಈ ರಸ್ತೆಯಲ್ಲಿ ಯಾರನ್ನು ಬೈಯಲಿ?

ರಾತ್ರಿ ಊಟಕ್ಕೆ ಕೂತಾಗ ಹೆಂಡತಿಗೆ ಎಲ್ಲ ಹೇಳಿದೆ. ದುರ್ಗಮ್ಮನ ಮನೆಗೆ ಹೋಗಿ ತಪ್ಪು ಒಪ್ಪಿಕೊಂಡು ಬರುತ್ತೇನೆ ಎಂದೆ. ಶಾರದಾ ತಟ್ಟೆ ಪಕ್ಕಕ್ಕೆ ಸರಿಸಿದಳು.

‘ಮಾತಾಡಿಸ್ಕೊಂಡು ಬರ್ರಿ. ಆದ್ರ ಇದನ್ನ ಹೇಳಬ್ಯಾಡ್ರಿ.’

‘ಯಾಕ?’

‘ಹೇಳಿದ್ರ ನಿಮಗ ಹಗುರ ಆಗ್ತದ. ಆಕೀಗೆ?’

ಅವಳ ಮಾತು ನನಗೆ ಸರಿ ಅನ್ನಿಸಲಿಲ್ಲ. ಸತ್ಯ ಹೇಳುವುದಕ್ಕಿಂತ ದೊಡ್ಡದೇನಿದೆ ಎಂದು ವಾದ ಮಾಡಿದೆ. ಮರುದಿನ ಬೆಳಿಗ್ಗೆ ಹೊರಟೆ.

ಎರಡು ಕೋಣೆಯ ಮನೆ. ಮುಂದೆ ತಗಡಿನ ಚಪ್ಪರ. ದುರ್ಗಮ್ಮನ ಗಂಡ ಯಂಕಪ್ಪ ಚಪ್ಪರದ ಕೆಳಗೆ ಮಣೆಯ ಮೇಲೆ ಕೂತಿದ್ದರು. ಕಬ್ಬು ಕಡಿಯುವ ಕೆಲಸದವರು, ಆ ದಿನ ಹೋಗಿರಲಿಲ್ಲ. ಯಾರೆಂದು ಹೇಳಿದೆ. ತಲೆಯಾಡಿಸಿ ಒಳಗೆ ಕೈ ತೋರಿಸಿದರು.

ಗೋಡೆಯ ಮೇಲೆ ಮನೆದೇವರ ಪಟದ ಪಕ್ಕದಲ್ಲೇ ಬುದ್ಧನ ಪಟ. (ಬುದ್ಧನನ್ನು ತಂದು ಹಾಕಿದ್ದು ಸುಜಾತ, ದೇವಿಯನ್ನು ತೆಗೆಯಲು ಒಪ್ಪದಿದ್ದದ್ದು ತಾಯಿ. ಆಮೇಲೆ ಗೊತ್ತಾಯಿತು.) ಕಿಟಕಿಯಲ್ಲಿ ಒಂದು ಜೊತೆ ಬಿಳಿ ಶೂ. ಯಾರೋ ತೊಳೆದು ಒಣಗಿಸಲು ಇಟ್ಟಿದ್ದರು.

‘ಅಯ್ಯ, ಟೆಸ್ಟಿಂಗ್ ಸಾಹೇಬ್ರು!’ ದುರ್ಗಮ್ಮ ಎದ್ದು ನಿಂತರು. ‘ಬರ್ರಿ, ಕುಂದ್ರಿ. ನನ್ನ ನೆಪ್ಪ ಇಟ್ಕೊಂಡು ಬಂದ್ರ್ಯಾ?’

ಗುರುತು ಸಿಗದಷ್ಟು ಇಳಿದುಹೋಗಿದ್ದರು. ನೀರು ತಂದುಕೊಟ್ಟರು. ಪಕ್ಕದಲ್ಲಿ ಕೂತಿದ್ದ ನೆರೆಮನೆಯ ಹೆಂಗಸಿಗೆ ನನ್ನನ್ನು ಪರಿಚಯ ಮಾಡಿಸಿದರು: ‘ಇವರು ಭಾಳ ಒಳ್ಳೇರವಾ. ಸೈಟಿನ್ಯಾಗ ಒಂದು ದಿನ ನಮ್ಮ ಮ್ಯಾಲ ಒದರಿದವರಲ್ಲ. ನಗಸ್ತಿದ್ರು.’

ಆ ಕ್ಷಣದಲ್ಲಿ ಎದ್ದು ಬಂದುಬಿಡಬೇಕಿತ್ತು.

ದುರ್ಗಮ್ಮ ಮಗಳ ಮಾತು ಶುರು ಮಾಡಿದರು. ಆಸ್ಪತ್ರೆಯಲ್ಲಿ ಆಕೆಗೆ ಹೆರಿಗೆ ವಾರ್ಡು. ಹುಟ್ಟಿದ ಪ್ರತಿ ಕೂಸಿನ ಸುದ್ದಿಯನ್ನೂ ಮನೆಗೆ ಬಂದು ಹೇಳಬೇಕು. ‘ಯವ್ವಾ, ಇವತ್ತ ಮೂರು. ಎರಡು ಹೆಣ್ಣು, ಒಂದು ಗಂಡು.’ ಅವತ್ತು ಬೆಳಿಗ್ಗೆ ರೊಟ್ಟಿ ಕಟ್ಟಿಕೊಂಡು, ಹೆಲ್ಮೆಟ್ ಹಾಕಿಕೊಂಡೇ ಹೋಗಿದ್ದಳು. ಬಿದ್ದ ರಭಸಕ್ಕೆ ಕುತ್ತಿಗೆಗೆ ಪೆಟ್ಟಾಗಿತ್ತು. ಹೆಲ್ಮೆಟ್ಟಿಗೆ ಒಂದು ಗೀರೂ ಬಿದ್ದಿರಲಿಲ್ಲ.

‘ಹಣೇಬರ ಸಾಹೇಬ್ರ. ಏನ್ ಮಾಡಾಕ ಬರ್ತೈತಿ? ದೇವರು ಅಷ್ಟs ಬರದಿದ್ದ ಅಂತ ಅನ್ಕೊಂಡು ಕುಂತೀನಿ.’

ನೆರೆಮನೆಯಾಕೆ ಎದ್ದು ಹೋದರು. ನಾನು ಹೇಳಿಬಿಟ್ಟೆ.

ಎಲ್ಲವನ್ನೂ. ಅವರು ಬಂದು ಎಚ್ಚರಿಸಿದ್ದು, ನಾನು ನಗೆಯಾಡಿದ್ದು, ಮಣ್ಣನ್ನು ನೆನೆಸದೆ ಪರೀಕ್ಷೆ ಮಾಡಿದ್ದು, ಸುಳ್ಳು ಬರೆದು ಸಹಿ ಹಾಕಿದ್ದು. ‘ನೀವು ಹೇಳಿದ್ದು ಕೇಳಿದ್ದರೆ ಆ ಬಿರುಕು ಇರ್ತಿರಲಿಲ್ಲ ದುರ್ಗಮ್ಮ’ ಎಂದೆ. ಸೈಟಿನಲ್ಲಿ ಎಂದೂ ಬಾರದ ‘ನೀವು’ ಅವತ್ತು ತಾನಾಗಿ ಬಂದಿತ್ತು.

ಅವರು ಬಹಳ ಹೊತ್ತು ನನ್ನ ಮುಖ ನೋಡಿದರು. ಸಿಟ್ಟಿರಲಿಲ್ಲ. ಅರ್ಥ ಮಾಡಿಕೊಳ್ಳಲು ಒದ್ದಾಡುತ್ತಿದ್ದರು.

‘ನಾನು ಹಂಗಂದಿದ್ನೇನ್ರಿ?’

‘ಅಂದಿದ್ರಿ.’

‘ನನಗ ನೆಪ್ಪs ಇಲ್ಲ.’

ತಮ್ಮ ಎರಡೂ ಅಂಗೈಗಳನ್ನು ಮಡಿಲಲ್ಲಿ ತಿರುಗಿಸಿ ನೋಡಿಕೊಂಡರು.

‘ಗೊತ್ತಿದ್ದೂ ನೀರು ಹೊಡದೀನಲ್ರಿ ನಾನು. ಅದs ಮಣ್ಣಿನ ಮ್ಯಾಲ. ಗೊತ್ತಿದ್ದಾಕಿ ಯಾಕ ಸುಮ್ಮನಾದ್ನಿ?’

ನಾನು ಬೇಡ ಬೇಡ ಎಂದೆ. ಅದು ನಿಮ್ಮ ತಪ್ಪಲ್ಲ, ನನ್ನದು ಎಂದೆ. ನನ್ನ ಮಾತು ಅವರಿಗೆ ಕೇಳಿಸಿದಂತಿರಲಿಲ್ಲ. ಕ್ಷಮಿಸಿ ಎಂದು ಕೇಳಲು ಬಂದವನು ನಾನು. ಆ ಶಬ್ದ ಬಾಯಿಂದ ಹೊರಡಲೇ ಇಲ್ಲ. ಆಡಿದ್ದರೆ ಅದೂ ಅವರಿಂದ ಇನ್ನೊಂದು ವಸ್ತು ಕಿತ್ತುಕೊಂಡಂತೆ ಆಗುತ್ತಿತ್ತು.

ಕೊನೆಗೆ ತಲೆ ಎತ್ತಿ ಒಂದೇ ಮಾತು ಕೇಳಿದರು: ‘ಈಗ್ಯಾಕ ಹೇಳಿದ್ರಿ ಸಾಹೇಬ್ರ?’

ಹೊರಗೆ ಬಂದೆ. ಯಂಕಪ್ಪ ಎಲ್ಲ ಕೇಳಿಸಿಕೊಂಡಿದ್ದರು. ಬೈಯಲಿಲ್ಲ. ಚಪ್ಪಲಿ ಮೆಟ್ಟುವಾಗ ನೆಲ ನೋಡುತ್ತಾ ಹೇಳಿದರು: ‘ಎಂಟು ದಿನದಿಂದ ಆಕೀಗೆ ಊಟ ಸೇರಿದ್ದಿಲ್ರಿ. ಇವತ್ತ ಮುಂಜಾನೆ ಅರ್ಧ ರೊಟ್ಟಿ ತಿಂದಿದ್ಲು.’

ಅಷ್ಟೇ. ಮುಂದಿನದನ್ನು ಅವರು ಹೇಳಬೇಕಾಗಿರಲಿಲ್ಲ.

ಶಾರದಾ ಏನಾಯಿತು ಎಂದು ಕೇಳಲಿಲ್ಲ. ನನ್ನ ಮುಖ ನೋಡಿ ಚಹಾ ಮಾಡಿಕೊಟ್ಟಳು. ನಾನು ಹಗುರಾಗಿದ್ದೆನೇ? ಇಲ್ಲ. ಅದೂ ಆಗಲಿಲ್ಲ. ಆ ತಾಯಿ ಮಗಳ ಸಾವನ್ನು ದೇವರ ಮೇಲೆ ಹಾಕಿ ಹೇಗೋ ಉಸಿರಾಡುತ್ತಿದ್ದರು. ಆ ಒಂದು ಆಸರೆಯನ್ನೂ ನಾನು ಎಳೆದುಕೊಂಡು ಬಂದಿದ್ದೆ. ಸತ್ಯ ದೊಡ್ಡದು ನಿಜ. ಅದನ್ನು ಯಾರ ಮನೆಯ ಬಾಗಿಲಿಗೆ ಒಯ್ಯಬೇಕು ಎಂಬ ವಿವೇಕ ಅದಕ್ಕಿಂತ ದೊಡ್ಡದಿರಬೇಕು. ನಾನು ಹೋಗಬೇಕಾದದ್ದು ರಸ್ತೆಯ ಆಫೀಸಿಗೆ. ಹೋದದ್ದು ಸತ್ತವಳ ಮನೆಗೆ. ಯಾಕೆಂದರೆ ಅಲ್ಲಿ ನನ್ನನ್ನು ಯಾರೂ ಪ್ರಶ್ನೆ ಮಾಡುವುದಿಲ್ಲ ಎಂದು ಒಳಗೆಲ್ಲೋ ಗೊತ್ತಿತ್ತು.

ಆ ವಾರ ನಿಮಗೆ ಸಿಕ್ಕಿದ ಅಂಕಣ ಮಾವಿನಕಾಯಿ ಉಪ್ಪಿನಕಾಯಿಯ ಬಗ್ಗೆ. (ಬಹಳ ಜನ ಮೆಚ್ಚಿಕೊಂಡಿದ್ದಿರಿ.)

ಹತ್ತಿರ ಹತ್ತಿರ ಎರಡು ವಾರ ಕಳೆದಿತ್ತು. ಬೆಳಿಗ್ಗೆ ಎಂಟರ ಹೊತ್ತಿಗೆ ಗೇಟಿನ ಸದ್ದಾಯಿತು. ಶಾರದಾ ಹೋಗಿ ನೋಡಿ, ಏನೂ ಕೇಳದೆ ಒಳಗೆ ಕರೆದುಕೊಂಡು ಬಂದಳು. ದುರ್ಗಮ್ಮ. ಒಗೆದ ಸೀರೆ, ಕೈಯಲ್ಲೊಂದು ಪ್ಲಾಸ್ಟಿಕ್ ಚೀಲ. ಮೊದಲ ಬಸ್ಸಿಗೆ ಹೊಸಪೇಟೆಗೆ ಬಂದು, ಚಿತ್ತವಾಡ್ಗಿಯಲ್ಲಿ ನನ್ನ ಮನೆ ಕೇಳಿಕೊಂಡು ಬಂದಿದ್ದರು. ಕುರ್ಚಿ ಕೊಟ್ಟರೂ ಕೂರಲಿಲ್ಲ. ಗೋಡೆಗೆ ಕೈ ಇಟ್ಟು ನಿಂತರು.

‘ಮನಿ ಚೆಂದ ಕಟ್ಟಿಸೀರಿ’ ಅಂದರು.

ನನಗೆ ಆ ಗೋಡೆ ನನ್ನ ಮೇಲೆಯೇ ಬೀಳಬಾರದೇ ಅನ್ನಿಸಿತು.

ಚೀಲದಿಂದ ಮಡಿಸಿದ ಕಾಗದ ತೆಗೆದರು. ಪೊಲೀಸ್ ಠಾಣೆಯಿಂದ ಕೊಟ್ಟ ನಕಲು. ‘ಇದರಾಗ ನನ್ನ ಮಗಳು ಜೋರಾಗಿ ಹೊಡಕೊಂಡು ಹೋಗಿ ಬಿದ್ಲು ಅಂತ ಬರದಾರಂತ. ಹೌದೇನ್ರಿ? ಓದ್ರಿ.’

ಓದಿದೆ. ಹೌದು. ಅತಿವೇಗ ಮತ್ತು ಅಜಾಗರೂಕತೆ.

‘ಊರಾಗೂ ಅದs ಮಾತು. ಫೋನಿನ್ಯಾಗ ಮಾತಾಡ್ತಿದ್ಲಂತ, ಹುಡುಗೀರಿಗೆ ಗಾಡಿ ಯಾಕ ಬೇಕಂತ. ನಾನೂ ಹಂಗs ಅನ್ಕೊಂಡಿದ್ನಿ ಸಾಹೇಬ್ರ. ಅವತ್ತ ರೊಟ್ಟಿ ಕಟ್ಟಾಕ ನಾನು ತಡಾ ಮಾಡಿದ್ನಿ, ಅದಕ್ಕ ಜೋರ ಹೋದ್ಲು ಅಂತ. ನೀವು ಬಂದು ಹೇಳಿ ಹೋದಮ್ಯಾಲ ಕುಂತು ಕುಂತು ವಿಚಾರ ಮಾಡಿದ್ನಿ. ಹಂಗಾರ ನನ್ನ ಮಗಳದು ತಪ್ಪಿಲ್ಲ ಅಲ್ಲೇನ್ರಿ?’

‘ಇಲ್ಲ. ಅಂಥ ಬಿರುಕಿನಾಗ ಚಕ್ರ ಸಿಕ್ಕರ ಮೆಲ್ಲಗ ಹೋಗೋರೂ ಬೀಳ್ತಾರ.’

‘ಹಂಗಾರ ನಡ್ರಿ. ನನಗ ಹೇಳಿದ್ದು ಅಲ್ಲಿ ಹೇಳ್ರಿ.’

ಶಾರದಾ ಇಬ್ಬರಿಗೂ ತಿಂಡಿ ಬಡಿಸಿದಳು. ದುರ್ಗಮ್ಮ ಅರ್ಧ ತಿಂದರು.

ಆ ರಸ್ತೆಯನ್ನು ನೋಡಿಕೊಳ್ಳುವ ಇಲಾಖೆಯ ಆಫೀಸಿನಲ್ಲಿ ಕೂತಿದ್ದವರು ಚಿಕ್ಕ ವಯಸ್ಸಿನ ಇಂಜಿನಿಯರ್. ಒಂಬತ್ತು ವರ್ಷದ ಹಿಂದೆ ಕಾಲೇಜಿನಲ್ಲಿದ್ದಿರಬೇಕು. ಮರ್ಯಾದೆಯಿಂದ ಕೂರಿಸಿದರು. ಎಲ್ಲ ಕೇಳಿಸಿಕೊಂಡು ಪೆನ್ನು ಕೆಳಗಿಟ್ಟರು.

‘ಸರ್, ಆ ರಸ್ತೆಯ ಗ್ಯಾರಂಟಿ ಅವಧಿ ಮುಗಿದು ಎಷ್ಟೋ ವರ್ಷ ಆಯ್ತು. ಬಿರುಕಿಗೆ ಡಾಂಬರ್ ತುಂಬಿಸ್ತೀವಿ. ಮೇಲೊಂದು ಪದರನೂ ಹಾಕಿಸಬಹುದು.’

‘ಮುಂದಿನ ಬೇಸಿಗೆಗೆ ಮತ್ತೆ ಬಾಯಿ ಬಿಡುತ್ತದೆ. ಮೇಲೆ ಎಷ್ಟು ಹಾಕಿದರೂ ಅಷ್ಟೇ. ಮಣ್ಣು ತೆಗೆಯಬೇಕು.’

‘ಗೊತ್ತು ಸರ್. ಆದರೆ ಅದಕ್ಕೆ ಹಳೆಯ ರಿಪೋರ್ಟ್ ತಪ್ಪು ಅಂತ ಯಾರಾದರೂ ಹೇಳಬೇಕಲ್ಲ?’

‘ನಾನು ಹೇಳುತ್ತೇನೆ. ನನ್ನ ಸಹಿ ಅದು.’

ಅವರು ಬಾಗಿಲ ಕಡೆ ನೋಡಿ ದನಿ ತಗ್ಗಿಸಿದರು. ‘ಬಾಯಲ್ಲಿ ಹೇಳಿದ್ದು ಸಾಕು ಸರ್. ಬರೆದುಕೊಡಬೇಡಿ. ನಾಳೆ ನಿಮ್ಮ ಮೇಲೇ ಕೇಸಾಗಬಹುದು.’

ನಿಜ ಹೇಳುತ್ತೇನೆ, ನನ್ನ ಕೈ ನಿಂತಿತು. ನಕ್ಷೆ ಬರೆಯುವ ಲೈಸೆನ್ಸು, ಇಷ್ಟು ವರ್ಷದ ಹೆಸರು, ಓದುಗರು, ಎಲ್ಲ ಒಮ್ಮೆ ಕಣ್ಣ ಮುಂದೆ ಹಾದುಹೋಯಿತು. ಪಕ್ಕದಲ್ಲಿದ್ದ ದುರ್ಗಮ್ಮ ಆ ಇಂಜಿನಿಯರ್ ಕಡೆ ತಿರುಗಿ ಮೆಲ್ಲಗೆ ಅಂದರು: ‘ಬರಕೊಡ್ಲಿ ಬಿಡ್ರೀಯಪ್ಪ. ಅವರಿಗೂ ಒಂದು ಸಲ ಖರೇ ಬರೀಬೇಕಾಗೈತಿ.’

ಬರೆದೆ. ಒಂದೂವರೆ ಪುಟ. ಯಾವ ಪರೀಕ್ಷೆ, ಯಾವ ಜಾಗ, ಏನು ಮಾಡಲಿಲ್ಲ, ಏನು ಸುಳ್ಳು ಬರೆದೆ. ಮ್ಯಾನೇಜರ್ ಅವಸರ ಮಾಡಿದರು ಎಂದು ಬರೆಯಲು ಹೋಗಿ ನಿಲ್ಲಿಸಿದೆ. ಅವಸರ ಮಾಡಿ ಎಂದಿದ್ದರು, ಸುಳ್ಳು ಬರೆ ಎಂದಿರಲಿಲ್ಲ.

ನಾನು ಸಹಿ ಹಾಕಿದ ಮೇಲೆ ದುರ್ಗಮ್ಮ ಕಾಗದವನ್ನು ತಮ್ಮ ಕಡೆ ಎಳೆದುಕೊಂಡರು. ‘ಅವತ್ತ ನಾನೂ ಅಲ್ಲಿದ್ನಿ. ನನ್ನದೂ ಇರ್ಲಿ.’ ಇಂಜಿನಿಯರ್ ಸ್ಟ್ಯಾಂಪ್ ಪ್ಯಾಡು ಹುಡುಕಲು ಡ್ರಾಯರ್ ತೆರೆದರು. ‘ಹೆಬ್ಬೆಟ್ಟು ಬ್ಯಾಡ್ರಿ. ಪೆನ್ ಕೊಡ್ರಿ. ನಮ್ಮ ಸುಜಾತ ಕಲಿಸ್ಯಾಳ.’ ಒಂದೊಂದೇ ಅಕ್ಷರ, ಒತ್ತಿ ಒತ್ತಿ, ತಮ್ಮ ಹೆಸರು ಬರೆದರು. ಒತ್ತಕ್ಷರಕ್ಕೆ ಬಂದಾಗ ಒಂದು ಗಳಿಗೆ ನಿಂತು, ತುಟಿ ಅಲ್ಲಾಡಿಸಿ, ನೆನಪು ಮಾಡಿಕೊಂಡು ಮುಗಿಸಿದರು.

ಅದರ ಒಂದು ನಕಲನ್ನು ಅವತ್ತೇ ಪೊಲೀಸ್ ಠಾಣೆಗೂ ಕೊಟ್ಟು, ನನ್ನ ಹೇಳಿಕೆ ಬರೆಸಿದೆ.

ಆಮೇಲೆ ಏನಾಯಿತು? ಆ ಇಂಜಿನಿಯರ್ ಒಳ್ಳೆಯ ಹುಡುಗ. ನಾಲ್ಕನೆಯ ದಿನ ತೂಬಿನ ಹತ್ತಿರ ರಸ್ತೆಯ ಅಂಚಿನಲ್ಲಿ ಗುಂಡಿ ತೋಡಿಸಿದರು. ನಮ್ಮಿಬ್ಬರನ್ನೂ ಕರೆದಿದ್ದರು. ಜಲ್ಲಿ ಮುಗಿದ ಕೂಡಲೇ ಕಪ್ಪು ಮಣ್ಣು, ಅಗೆದಷ್ಟೂ ಅದೇ. ಹೆಂಟೆಯೊಂದನ್ನು ನೀರಿನ ಬಕೆಟ್ಟಿಗೆ ಹಾಕಿ ತೋರಿಸಿದೆ. ನೋಡುತ್ತಿದ್ದಂತೆ ಬಿರಿದು ಕೆಸರಾಯಿತು. ಫೋಟೊ ತೆಗೆದುಕೊಂಡರು. ಆ ಇನ್ನೂರು ಹೆಜ್ಜೆಯನ್ನು ಪೂರ್ತಿ ಕಿತ್ತು ಹೊಸದಾಗಿ ಮಾಡಬೇಕೆಂದು ಮೇಲಿನವರಿಗೆ ಬರೆದಿದ್ದಾರಂತೆ. ಮಂಜೂರಾಗುತ್ತದೋ ಇಲ್ಲವೋ ಗೊತ್ತಿಲ್ಲ. ಸದ್ಯಕ್ಕೆ ಬಿರುಕಿಗೆ ಡಾಂಬರು ತುಂಬಿ, ಸುಣ್ಣ ಬಳಿದ ಎರಡು ಡ್ರಮ್ಮು ನಿಲ್ಲಿಸಿದ್ದಾರೆ. ಠಾಣೆಯಲ್ಲಿ ‘ಅತಿವೇಗ’ ಎಂಬ ಶಬ್ದ ಇನ್ನೂ ಹಾಗೇ ಇದೆ. ತನಿಖೆ ಮುಂದುವರಿದಿದೆ ಎನ್ನುತ್ತಾರೆ. ನನ್ನ ಮೇಲೆ ಏನು ಬರುತ್ತದೋ ಬರಲಿ. ಬಂದರೆ ಪೇಪರಿನಲ್ಲಿ ಓದುತ್ತೀರಿ.

ಆಚೆ ಊರುಗಳಿಂದ ಇದೇ ದಾರಿಯಲ್ಲಿ ಡ್ಯೂಟಿಗೆ ಬರುತ್ತಿದ್ದ ಸುಜಾತಳ ಆಸ್ಪತ್ರೆಯ ಗೆಳತಿಯರು ಈಗ ಕಂಪ್ಲಿ ರಸ್ತೆಯನ್ನೇ ಹಿಡಿದು ಸುತ್ತಿ ಬರುತ್ತಾರಂತೆ. ಊರಿನವರು ಮಾತ್ರ ಅದೇ ರಸ್ತೆಯಲ್ಲಿ ಓಡಾಡುತ್ತಿದ್ದಾರೆ. ಬೇರೆ ರಸ್ತೆ ಎಲ್ಲಿದೆ?

ಗುಂಡಿ ತೋಡಿದ ದಿನ ಎಲ್ಲರೂ ಹೋದ ಮೇಲೆ ನಾನೂ ದುರ್ಗಮ್ಮನೂ ಅವರ ಊರಿನ ಕಡೆ ನಡೆದುಕೊಂಡು ಹೊರಟೆವು. ಸ್ಕೂಟರನ್ನು ತಳ್ಳಿಕೊಂಡು ಬರುತ್ತಿದ್ದೆ. (ಕೂರಿ ಎಂದು ಕರೆಯುವ ಧೈರ್ಯ ನನಗಿರಲಿಲ್ಲ. ಅವರು ಇನ್ನೆಂದಾದರೂ ಸ್ಕೂಟರ್ ಹತ್ತುತ್ತಾರೋ ಗೊತ್ತಿಲ್ಲ.) ಗದ್ದೆ ಬಯಲು ಮುಗಿಯುವಲ್ಲಿ ಅವರು ನಿಂತರು.

‘ಒಂದು ಕೇಳ್ತೀನಿ. ಸುಳ್ಳು ಹೇಳಬ್ಯಾಡ್ರಿ.’

‘ಹೇಳಂಗಿಲ್ಲ.’

‘ಅವತ್ತ ನೀವು ಮಣ್ಣು ನೆನಿ ಹಾಕಿ ಟೆಸ್ಟ್ ಮಾಡಿ, ಎರಿ ಎಲ್ಲಾ ತೆಗಿಸಿ, ಕೆಂಪುಮಣ್ಣು ಹಾಕಿಸಿದ್ರ, ಎಷ್ಟು ದಿನ ಹಿಡೀತಿತ್ತು?’

ಲೆಕ್ಕ ಹಾಕಬೇಕಾಗಿರಲಿಲ್ಲ. ಎಷ್ಟೋ ಸಲ ಹಾಕಿ ಆಗಿತ್ತು.

‘ಹತ್ತು ದಿನ.’

ದುರ್ಗಮ್ಮ ರಸ್ತೆಯನ್ನು ನೋಡಿದರು. ಆಮೇಲೆ ನನ್ನನ್ನು.

‘ಹತ್ತು ದಿನ ತಡಾ ಆಗಿದ್ರ ಯಾರು ಸಾಯ್ತಿದ್ರು ಸಾಹೇಬ್ರ?’